ಕರೆತಂದ ಮಕ್ಕಳು

1900ನೆಯ ಇಸವಿಯ ಅಕ್ಟೋಬರಿನಲ್ಲಿ ವಿಯೆನ್ನಾದ ಸಿರಿವಂತ ಕಾರ್ಖಾನೆದಾರನೊಬ್ಬ ತನ್ನ ಮಗಳನ್ನು ಬೆರ್ಗ್‌ಗಾಸೆ ಬೀದಿಯ 19ನೆಯ ನಂಬರಿನ ಮನೆಗೆ ಕಳುಹಿಸಿಕೊಟ್ಟ. ಹುಡುಗಿಗೆ 18 ತುಂಬುವುದರಲ್ಲಿತ್ತು. ಬಿಟ್ಟೂಬಿಡದ ಕೆಮ್ಮು, ಆಗಾಗ ಉಡುಗಿಹೋಗುವ ದನಿ, ಮನೆಯವರೆಲ್ಲರ ಮೇಲೆ ಮುನಿಸು. ಬದುಕಿಗೆ ವಿದಾಯ ಹೇಳಿ ಬರೆದ ಚೀಟಿಯೊಂದು ತಂದೆತಾಯಿಗಳ ಕೈಗೂ ಸಿಕ್ಕಿತ್ತು. ಆ ತಂದೆ ತಾನೇ ಹಿಂದೊಮ್ಮೆ ಸಿಗ್ಮಂಡ್ ಫ್ರಾಯ್ಡ್ ಅವರಿಂದ ಚಿಕಿತ್ಸೆ ಪಡೆದವನು. ವೈದ್ಯರಲ್ಲಿ ಅವನು ಮಾಡಿಕೊಂಡ ವಿನಂತಿಯ ಸಾರ ಇಷ್ಟೇ: ಇವಳನ್ನು ದಾರಿಗೆ ತನ್ನಿ.

ದಾರಿ ತಪ್ಪಿದ್ದವರು ಯಾರು ಎಂಬುದು ಬೇರೆಯ ಪ್ರಶ್ನೆ. ಕುಟುಂಬದ ಆಪ್ತಮಿತ್ರನೊಬ್ಬ ಸರೋವರದ ದಂಡೆಯಲ್ಲಿ ಅವಳೊಡನೆ ಅಸಭ್ಯವಾಗಿ ನಡೆದುಕೊಂಡಿದ್ದ. ಅವಳು ಅವನ ಕೆನ್ನೆಗೆ ಹೊಡೆದು ಬಂದಿದ್ದಳು. ಮನೆಯಲ್ಲಿ ಹೇಳಿದಾಗ ಆ ಮಿತ್ರ ಎಲ್ಲವನ್ನೂ ನಿರಾಕರಿಸಿದ. ಇಲ್ಲಸಲ್ಲದ ಪುಸ್ತಕ ಓದಿ ಹುಡುಗಿ ಕಲ್ಪಿಸಿಕೊಂಡಿದ್ದಾಳೆ ಎಂದ. ತಂದೆ ಆ ಮಾತನ್ನೇ ನಂಬಿದ. ಆ ಮಿತ್ರನ ಹೆಂಡತಿಯೊಡನೆ ತಂದೆಗೇ ಸಂಬಂಧವಿತ್ತಾದ್ದರಿಂದ ನಂಬುವುದು ಅನುಕೂಲವೂ ಆಗಿತ್ತು. ಫ್ರಾಯ್ಡ್ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು: ಸರೋವರದ ಬಳಿ ನಡೆದದ್ದು ನಿಜವೆಂದು ಅವರು ಒಪ್ಪಿಕೊಂಡರು. ಆದರೆ ಒಪ್ಪಿದ ಮೇಲೆ, ಒಳಗೊಳಗೆ ನೀನು ಅವನನ್ನು ಪ್ರೀತಿಸುತ್ತಿದ್ದೆ ಎಂದು ಅವಳ ಕನಸುಗಳಿಂದಲೇ ಅವಳಿಗೆ ಸಾಧಿಸಿ ತೋರಿಸಲು ಹೊರಟರು. ಡಿಸೆಂಬರ್ 31ರಂದು ಅವಳು, ಇನ್ನು ನಾನು ಬರುವುದಿಲ್ಲ ಎಂದಳು. ಈ ನಿರ್ಧಾರ ಎಂದು ಮಾಡಿದೆ ಎಂದು ಕೇಳಿದಾಗ ಹದಿನೈದು ದಿನದ ಹಿಂದೆ ಎಂದಳು. ಮನೆಗೆಲಸದವರು ಕೆಲಸ ಬಿಡುವ ಮುನ್ನ ಕೊಡುವ ನೋಟಿಸಿನಂತಿದೆ ಎಂದು ಫ್ರಾಯ್ಡ್ ಅದಕ್ಕೂ ಒಂದು ಅರ್ಥ ಹಚ್ಚಿದರು. ಅವಳು ಕೇಳಿಸಿಕೊಂಡು, ಹೊಸ ವರ್ಷದ ಶುಭಾಶಯ ಹೇಳಿ ಹೊರಟುಹೋದಳು. ಚಿಕಿತ್ಸೆ ನಡೆದದ್ದು ಹನ್ನೊಂದು ವಾರ. 1905ರಲ್ಲಿ ಅಚ್ಚಾದ ಆ ಅಪೂರ್ಣ ವೃತ್ತಾಂತದಲ್ಲಿ ಅವಳ ಹೆಸರು ಡೋರಾ.

ನಾವು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ಡೋರಾಳ ಕಥೆಯನ್ನು ಕಾದಂಬರಿಯ ಹಾಗೆ ಓದಿದೆವು. ಕಥೆ ಹೇಳುವವನನ್ನು ಎಷ್ಟು ನಂಬಬೇಕು ಎಂಬುದಕ್ಕೆ ಅದು ತರಗತಿಯಲ್ಲಿ ಒಳ್ಳೆಯ ಉದಾಹರಣೆಯಾಗಿತ್ತು, ಅಷ್ಟಕ್ಕೇ ಮುಗಿದಿತ್ತು. ಇಪ್ಪತ್ತು ವರ್ಷಗಳ ಮೇಲೆ ಅದನ್ನು ಮತ್ತೆ ತೆರೆದದ್ದು ಸಾಹಿತ್ಯದ ಕಾರಣಕ್ಕಲ್ಲ. ಹೈದರಾಬಾದಿನಿಂದ ಪುಣೆಗೆ ನಮಗೆ ವರ್ಗವಾಯಿತು. ಒಂಬತ್ತನೆಯ ತರಗತಿಯಲ್ಲಿದ್ದ ಮಗನಿಗೆ ವರ್ಷದ ನಡುವೆ ಶಾಲೆ ಬದಲಾಯಿತು. ಮೊದಲು ಅವನು ಗೆಳೆಯರ ಮಾತು ಬಿಟ್ಟ, ಆಮೇಲೆ ನಮ್ಮೊಡನೆ ಮಾತು ಬಿಟ್ಟ, ಕೊನೆಗೆ ಬೆಳಿಗ್ಗೆ ಹಾಸಿಗೆ ಬಿಡುವುದನ್ನೂ ಬಿಟ್ಟ. ಹಿತೈಷಿಗಳ ಸಲಹೆಯಂತೆ ಅವನನ್ನು ಆಪ್ತಸಮಾಲೋಚಕರ ಬಳಿ ಕರೆದೊಯ್ದೆವು. ಕರೆದೊಯ್ದದ್ದು ಹೇಗೆಂದರೆ, ಕಣ್ಣಿನ ಡಾಕ್ಟರ ಬಳಿ ಹೋಗೋಣ ಎಂದು ಸುಳ್ಳು ಹೇಳಿ. ಅಲ್ಲಿ ಕೊಟ್ಟ ಫಾರಮಿನಲ್ಲಿ ‘ಬಂದ ಕಾರಣ’ ಎಂಬ ಅಂಕಣವಿತ್ತು. ಕಡತಗಳಿಗೆ ಟಿಪ್ಪಣಿ ಬರೆದು ಪಳಗಿದ ಕೈ ನಮ್ಮದು. ನಾಲ್ಕು ಸಾಲು ಅಂದವಾಗಿ ತುಂಬಿಸಿದೆವು. ಹುಡುಗ ನಲವತ್ತು ನಿಮಿಷ ತಿರುಗುವ ಫ್ಯಾನನ್ನು ನೋಡುತ್ತ ಕುಳಿತಿದ್ದನಂತೆ. ಮೂರನೆಯ ವಾರ ಲಿಫ್ಟಿನ ಬಾಗಿಲ ಬಳಿ ನಿಂತವನು ಒಳಗೆ ಬರಲಿಲ್ಲ. ಡೋರಾ ಹನ್ನೊಂದು ವಾರವಾದರೂ ಹೋಗಿದ್ದಳು.

ಮಕ್ಕಳ ಮನೋಚಿಕಿತ್ಸೆಯ ಇತಿಹಾಸವನ್ನು ನಾವು ಓದತೊಡಗಿದ್ದು ಹೀಗೆ. ಓದಿದಷ್ಟೂ ನಮಗೆ ಕಂಡದ್ದು ಒಂದೇ ತೊಡಕು. ದೊಡ್ಡವರು ನೋವು ತಡೆಯಲಾರದೆ ತಾವಾಗಿ ವೈದ್ಯರ ಬಾಗಿಲು ತಟ್ಟುತ್ತಾರೆ. ಮಗುವನ್ನು ಯಾರೋ ಕರೆತರುತ್ತಾರೆ. ಕರೆತಂದವರ ದೂರು ಒಂದು, ಮಗುವಿನ ನೋವು ಇನ್ನೊಂದು. ಆ ಮಗು ಮಾತಾಡಬೇಕಾದರೆ ಏನು ಮಾಡಬೇಕೆಂಬುದಕ್ಕೆ ಒಂದೊಂದು ತಲೆಮಾರೂ ಒಂದೊಂದು ಉತ್ತರ ಕೊಟ್ಟಿತು. ಕೆಲವು ಉತ್ತರಗಳಿಗೆ ದೊಡ್ಡ ಬೆಲೆಯನ್ನೇ ತೆತ್ತಿತು.

ಮೊದಲ ಉತ್ತರ ಅತ್ಯಂತ ಸರಳವಾದದ್ದು: ತಂದೆಯೇ ವೈದ್ಯನಾಗುವುದು. 1908ರಲ್ಲಿ ವಿಯೆನ್ನಾದ ಸಂಗೀತ ವಿಮರ್ಶಕ ಮ್ಯಾಕ್ಸ್ ಗ್ರಾಫ್ ಅವರ ಐದು ವರ್ಷದ ಮಗನಿಗೆ ಕುದುರೆ ಕಚ್ಚುತ್ತದೆ ಎಂಬ ಭಯ ಹಿಡಿಯಿತು. ಮೋಟಾರು ಇನ್ನೂ ಅಪರೂಪವಾಗಿದ್ದ ಊರಿನಲ್ಲಿ ಕುದುರೆಗೆ ಹೆದರುವ ಮಗು ಬೀದಿಗೇ ಇಳಿಯುವಂತಿರಲಿಲ್ಲ. ತಂದೆ ಮಗನ ಮಾತುಗಳನ್ನು ಬರೆದುಕೊಂಡು ಫ್ರಾಯ್ಡ್ ಅವರಿಗೆ ಒಪ್ಪಿಸುವುದು, ಅವರು ಹೇಳಿಕೊಟ್ಟದ್ದನ್ನು ಮಗನಿಗೆ ವಿವರಿಸುವುದು, ಹೀಗೆ ಚಿಕಿತ್ಸೆ ನಡೆಯಿತು. ಆ ಅವಧಿಯಲ್ಲಿ ಫ್ರಾಯ್ಡ್ ಹುಡುಗನನ್ನು ಕಂಡದ್ದು ಒಂದೇ ಸಲ. ಅಂದು ಮನೆಗೆ ಹಿಂದಿರುಗುವಾಗ ಹುಡುಗ, ಪ್ರೊಫೆಸರರು ದೇವರೊಡನೆ ಮಾತಾಡುತ್ತಾರೇನು, ಎಲ್ಲವೂ ಅವರಿಗೆ ಮೊದಲೇ ಹೇಗೆ ಗೊತ್ತು ಎಂದು ತಂದೆಯನ್ನು ಕೇಳಿದನಂತೆ. ‘ಪುಟ್ಟ ಹಾನ್ಸ್’ ಎಂಬ ಹೆಸರಿನಲ್ಲಿ ಈ ಪ್ರಕರಣ 1909ರಲ್ಲಿ ಪ್ರಕಟವಾಯಿತು. ತಂದೆಯ ಅಧಿಕಾರವೂ ವೈದ್ಯನ ಅಧಿಕಾರವೂ ಒಬ್ಬನಲ್ಲೇ ಕೂಡಿದ್ದರಿಂದ ಮಾತ್ರ ಇದು ಸಾಧ್ಯವಾಯಿತು ಎಂದು ಫ್ರಾಯ್ಡ್ ಅದರಲ್ಲಿ ಬರೆದರು. ಹುಡುಗ ಭಯ ಕಳೆದುಕೊಂಡು ಮುಂದೆ ನ್ಯೂಯಾರ್ಕಿನಲ್ಲಿ ಹೆಸರಾಂತ ಆಪೆರಾ ನಿರ್ದೇಶಕನಾದ. 19ನೆಯ ವಯಸ್ಸಿನಲ್ಲಿ ಫ್ರಾಯ್ಡ್ ಅವರನ್ನು ಕಾಣಲು ಹೋದಾಗ, ಅಚ್ಚಾದ ಆ ವೃತ್ತಾಂತದಲ್ಲಿ ತನ್ನದೆನ್ನುವ ನೆನಪು ಒಂದೂ ಇಲ್ಲ ಎಂದು ಹೇಳಿದ. ಜಗತ್ತು ಓದಿದ ಬಾಲ್ಯ ಅದರ ಒಡೆಯನಿಗೇ ಮರೆತುಹೋಗಿತ್ತು.

ಮಕ್ಕಳನ್ನು ತಾನೇ ನೇರವಾಗಿ ನೋಡಲು ಆರಂಭಿಸಿದವರಲ್ಲಿ ಮೊದಲಿಗರು ಹರ್ಮಿನ ಹುಗ್-ಹೆಲ್ಮುತ್. ಇಂದು ಈ ಹೆಸರು ಮರೆವಿಗೆ ಸಂದಿದೆ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಈ ಶಾಲಾಶಿಕ್ಷಕಿ 1920ರಲ್ಲಿ ಹೇಗ್ ನಗರದ ಮನೋವಿಶ್ಲೇಷಕರ ಸಮ್ಮೇಳನದಲ್ಲಿ ಮಕ್ಕಳ ಚಿಕಿತ್ಸೆಯ ವಿಧಾನವನ್ನು ಕುರಿತು ಪ್ರಬಂಧ ಓದಿದರು. ಮಗು ತಾನಾಗಿ ಬರುವುದಿಲ್ಲ, ಅದನ್ನು ಕರೆತರುತ್ತಾರೆ ಎಂಬ ಮಾತನ್ನು ವಿಧಾನದ ಮೊದಲ ಪ್ರಶ್ನೆಯಾಗಿ ಎತ್ತಿಕೊಂಡವರು ಅವರು. ಆದ್ದರಿಂದಲೇ ಅವರು ಮಕ್ಕಳನ್ನು ಅವರವರ ಮನೆಗೇ ಹೋಗಿ ನೋಡುತ್ತಿದ್ದರು. ಆ ಪ್ರಬಂಧದಲ್ಲಿ ಬರುವ ಒಂದು ಸಣ್ಣ ಘಟನೆ ನಮಗೆ ಬಹಳ ಹಿಡಿಸಿತು. ಸಾಯುವ ಮಾತಾಡುತ್ತಿದ್ದ ಒಂಬತ್ತು ವರ್ಷದ ಹುಡುಗನೊಬ್ಬ ಮೊದಲ ದಿನ ಮೇಜಿನ ಮೇಲೆ ತಲೆಯಿಟ್ಟು ತುಟಿ ಬಿಚ್ಚದೆ ಕುಳಿತ. ಅಷ್ಟರಲ್ಲಿ ಒಂದು ನೊಣ ಹಾರಿಹೋಯಿತು. ಶಿಕ್ಷಕಿಗೆ ಥಟ್ಟನೆ ಹೊಳೆಯಿತು. ಕಣ್ಣಿಗೆ ಏನೋ ಬಿತ್ತೆಂದು ನಟಿಸಿದರು. ಹುಡುಗ ಎದ್ದುಬಂದು, ಉಜ್ಜಬೇಡಿ, ನಾನು ತೆಗೆಯುತ್ತೇನೆ ಎಂದ. ಅಲ್ಲಿಗೆ ಮಾತು ಆರಂಭವಾಯಿತು. ಆಮೇಲೆ ಅವನು ಮೌನಕ್ಕೆ ಜಾರಿದಾಗಲೆಲ್ಲ ಏನಾದರೊಂದು ಸಹಾಯ ಕೇಳಿದರೆ ಸಾಕಾಗುತ್ತಿತ್ತು. ಇದೂ ಕಣ್ಣಿನ ನೆಪವೇ, ನಾವು ಹೇಳಿದ್ದೂ ಕಣ್ಣಿನ ನೆಪವೇ. ಅವರ ನೆಪ ಹುಡುಗನನ್ನು ಬೇಕಾದವನನ್ನಾಗಿ ಮಾಡಿತು. ನಮ್ಮದು ಮೋಸಹೋದವನನ್ನಾಗಿ ಮಾಡಿತು.

ಹೆತ್ತವರು ತಮ್ಮ ಮಗುವನ್ನು ತಾವೇ ವಿಶ್ಲೇಷಿಸಲಾಗದು ಎಂದೂ ಹುಗ್-ಹೆಲ್ಮುತ್ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಆದರೆ ತಾಯಿಯಿಲ್ಲದ ತಮ್ಮ ಸೋದರಿಯ ಮಗನನ್ನು ಚಿಕ್ಕಂದಿನಿಂದ ಗಮನಿಸಿ, ಅವನ ಆಟಪಾಟ ಮಾತುಕತೆಗಳನ್ನು ಅವರು ತಮ್ಮ ಬರಹಗಳಲ್ಲಿ ಬಳಸಿಕೊಂಡಿದ್ದರು. 1924ರ ಸೆಪ್ಟೆಂಬರಿನಲ್ಲಿ, 18 ವರ್ಷದವನಾಗಿದ್ದ ಆ ಹುಡುಗನೇ ಹಣಕ್ಕಾಗಿ ಅವರ ಮನೆಗೆ ನುಗ್ಗಿ ಅವರನ್ನು ಕೊಂದ. ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಮೇಲೆ, ತಾನು ಮನೋವಿಶ್ಲೇಷಣೆಯ ಬಲಿಪಶು, ತನಗೆ ಪರಿಹಾರ ಕೊಡಿ ಎಂದು ವಿಯೆನ್ನಾದ ಮನೋವಿಶ್ಲೇಷಕರ ಸಂಘವನ್ನು ಕೇಳಿದನಂತೆ. ಕೊಲೆಗೆ ಸಮರ್ಥನೆಯಿಲ್ಲ, ನಿಜ. ಆದರೂ ತನ್ನನ್ನು ಯಾರೋ ಸದಾ ಬರೆದುಕೊಳ್ಳುತ್ತಿದ್ದಾರೆ ಎಂಬ ಅರಿವಿನಲ್ಲಿ ಬೆಳೆದ ಹುಡುಗನ ಆ ಬೇಡಿಕೆಯನ್ನು ನಕ್ಕು ತಳ್ಳಿಹಾಕಲು ನಮಗೆ ಮನಸ್ಸು ಬರುವುದಿಲ್ಲ.

ಇದು ಅವರೊಬ್ಬರ ದೋಷವಾಗಿರಲಿಲ್ಲ. ಆ ಕಾಲದಲ್ಲಿ ಎಲ್ಲರೂ ಮೊದಲು ಕೈಹಾಕಿದ್ದು ಮನೆಯ ಮಕ್ಕಳ ಮೇಲೆಯೇ. ಫ್ರಾಯ್ಡ್ ತಮ್ಮ ಕಿರಿಯ ಮಗಳು ಆನಾಳನ್ನು ತಾವೇ ವಿಶ್ಲೇಷಿಸಿದರು. ಮೆಲನಿ ಕ್ಲೈನ್ ತಮ್ಮ ಕಿರಿಯ ಮಗನನ್ನು ವಿಶ್ಲೇಷಿಸಿ ‘ಫ್ರಿಟ್ಸ್’ ಎಂಬ ಬೇರೆ ಹೆಸರಿನಲ್ಲಿ ಬರೆದರು. ಕರೆತಂದವರೂ ಮನೆಯವರೇ, ಕೇಳಿಸಿಕೊಂಡವರೂ ಮನೆಯವರೇ ಆದರೆ ಮಗು ತನ್ನ ಗುಟ್ಟನ್ನು ಇಡುವುದಾದರೂ ಎಲ್ಲಿ?

ಹದಿಹರೆಯದವರ ಮಟ್ಟಿಗೆ ಆ ಕಾಲದ ಬಹು ದೊಡ್ಡ ಗುರು ಆಗಸ್ಟ್ ಐಖ್‌ಹಾರ್ನ್ ಎಂದು ನಮ್ಮ ಅಭಿಪ್ರಾಯ. ಇವರೂ ಮೇಷ್ಟರೇ. ಮೊದಲ ಮಹಾಯುದ್ಧ ಮುಗಿದ ಕಾಲದಲ್ಲಿ, ವಿಯೆನ್ನಾದಿಂದ ಸ್ವಲ್ಪ ದೂರದ ಓಬರ್‌ಹೊಲ್ಲಾಬ್ರುನ್ ಎಂಬಲ್ಲಿ, ನಿರಾಶ್ರಿತರ ಶಿಬಿರವಾಗಿದ್ದ ಕಟ್ಟಡಗಳಲ್ಲಿ ಅವರು ಪುಂಡರೆನಿಸಿಕೊಂಡ ಹುಡುಗರಿಗೆ ಒಂದು ವಸತಿಗೃಹ ನಡೆಸಿದರು. ಯಾವ ಗುಂಪಿಗೂ ಹೊಂದದ ಅತಿ ಒರಟು ಹುಡುಗರನ್ನು ಒಂದೆಡೆ ಸೇರಿಸಿ, ಅವರು ಏನೇ ಒಡೆದರೂ ಯಾರೂ ಕೈಯೆತ್ತಕೂಡದು ಎಂದು ಸಿಬ್ಬಂದಿಗೆ ಕಟ್ಟಪ್ಪಣೆ ಮಾಡಿದರು. ಕಿಟಕಿ ಬಾಗಿಲುಗಳು ಒಡೆದವು, ಮೇಜುಗಳು ಮುರಿದವು. ಹೊಡೆತಕ್ಕೆ ಸಿದ್ಧರಾಗಿದ್ದ ಹುಡುಗರಿಗೆ ಹೊಡೆತ ಬೀಳದಿದ್ದಾಗ ದಿಕ್ಕು ತೋಚಲಿಲ್ಲ. ರೊಚ್ಚು ಕೊನೆಯ ಮಟ್ಟ ಮುಟ್ಟಿ ಅಳುವಾಗಿ ಒಡೆಯಿತು. ಅಲ್ಲಿಂದ ಮುಂದೆ ಅವರನ್ನು ನಿಧಾನವಾಗಿ ಪಳಗಿಸಲು ಸಾಧ್ಯವಾಯಿತು. ನಮ್ಮ ಇಲಾಖೆಯಲ್ಲಿ ಇಂಥ ಪ್ರಯೋಗಕ್ಕೆ ಒಡೆದ ಪೀಠೋಪಕರಣದ ಲೆಕ್ಕ ಯಾರು ಕೊಡಬೇಕು ಎಂಬ ಆಕ್ಷೇಪಣೆಯೊಂದೇ ಸಾಕಾಗುತ್ತಿತ್ತು.

1925ರಲ್ಲಿ ಫ್ರಾಯ್ಡ್ ಅವರ ಮುನ್ನುಡಿಯೊಂದಿಗೆ ಬಂದ ಐಖ್‌ಹಾರ್ನರ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಕಳ್ಳತನಕ್ಕಾಗಿ ಸೈನಿಕ ಶಾಲೆಯಿಂದ ಹೊರಬಿದ್ದ ಹುಡುಗನೊಬ್ಬನಿಗೆ ಅವರು ವಸತಿಗೃಹದ ಹೊಗೆಸೊಪ್ಪಿನ ಅಂಗಡಿಯ ಹಣ ನೋಡಿಕೊಳ್ಳುವ ಕೆಲಸವನ್ನೇ ಕೊಟ್ಟರು. ನಿರೀಕ್ಷಿಸಿದಂತೆ ಹಣ ಕಾಣೆಯಾಯಿತು. ಐಖ್‌ಹಾರ್ನ್ ಗದರಿಸಲಿಲ್ಲ, ವಿಚಾರಣೆ ನಡೆಸಲಿಲ್ಲ. ಪುಸ್ತಕಗಳ ಧೂಳು ಹೊಡೆಯಬೇಕು, ಬಾ ಎಂದು ಅವನನ್ನು ತಮ್ಮ ಕೋಣೆಗೆ ಕರೆದರು. ಕೆಲಸ ಮಾಡುತ್ತ ಮಾಡುತ್ತ ಮಾತನ್ನು ಅಂಗಡಿಯ ಲೆಕ್ಕದ ಸುತ್ತ ಒಂದಿಷ್ಟು ತಂದು, ಮತ್ತೆ ದೂರ ಒಯ್ದು, ಮತ್ತೆ ಹತ್ತಿರ ತಂದರು. ಹುಡುಗನ ಅಂಜಿಕೆ ತಡೆಯಲಾಗದಷ್ಟಾದಾಗ ನೇರವಾಗಿ ಕೇಳಿದರು. ಅವನು ಅಳುತ್ತ ಒಪ್ಪಿಕೊಂಡಾಗ ಕಾಣೆಯಾದ ಮೊತ್ತವನ್ನು ತಾವೇ ಅವನ ಕೈಗಿತ್ತು, ಪೆಟ್ಟಿಗೆಗೆ ಹಾಕು, ಸ್ವಲ್ಪಸ್ವಲ್ಪವಾಗಿ ನನಗೆ ತೀರಿಸು ಎಂದರು. ಇದರಲ್ಲಿ ನಾಟಕವಿದೆ, ಲೆಕ್ಕಾಚಾರವೂ ಇದೆ. ಅದನ್ನು ಅವರೇ ಮುಚ್ಚಿಡುವುದಿಲ್ಲ. ಹದಿಹರೆಯದವನು ದೊಡ್ಡವರೆಲ್ಲರನ್ನೂ ಎದುರಾಳಿಗಳೆಂದೇ ಎಣಿಸಿ ಬರುತ್ತಾನೆ. ಅವನ ಎಣಿಕೆಯನ್ನು ಒಮ್ಮೆಯಾದರೂ ಸುಳ್ಳಾಗಿಸದೆ ಮುಂದಿನ ಮಾತಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು.

ಐಖ್‌ಹಾರ್ನರಿಂದ ಕಲಿತವರಲ್ಲಿ ಆನಾ ಫ್ರಾಯ್ಡ್ ಒಬ್ಬರು. 1926ರಲ್ಲಿ ಅವರು ಕೊಟ್ಟ ನಾಲ್ಕು ಉಪನ್ಯಾಸಗಳು ಮರುವರ್ಷ ಪುಸ್ತಕವಾದವು. ಅವರು ಮುಂದಿಟ್ಟ ಕಷ್ಟ ಸ್ಪಷ್ಟವಾಗಿದೆ: ಚಿಕಿತ್ಸೆಯ ನಿರ್ಧಾರ ಮಗುವಿನದಲ್ಲ, ತನಗೆ ಕಾಯಿಲೆಯಿದೆ ಎಂಬ ಅರಿವು ಮಗುವಿಗಿಲ್ಲ, ಗುಣವಾಗಬೇಕೆಂಬ ಬಯಕೆಯೂ ಇಲ್ಲ. ಎಷ್ಟೋ ಸಲ ನರಳುವವರು ಮಗುವಿನ ಸುತ್ತಲಿನವರೇ ಹೊರತು ಮಗುವಲ್ಲ. ಆದ್ದರಿಂದ ನಿಜವಾದ ವಿಶ್ಲೇಷಣೆಗೆ ಮುಂಚೆ ಒಂದು ಸಿದ್ಧತೆಯ ಕಾಲ ಬೇಕು ಎಂದರು. ಆ ಸಿದ್ಧತೆಯಲ್ಲಿ ಅವರು ಏನು ಮಾಡುತ್ತಿದ್ದರೆಂದರೆ, ಹತ್ತು ವರ್ಷದ ಹುಡುಗನೊಬ್ಬ ದಾರದ ಗಂಟು ಹಾಕಿ ತೋರಿಸಿದರೆ ತಾವು ಅದಕ್ಕಿಂತ ಕಠಿಣವಾದ ಗಂಟು ಹಾಕಿ ತೋರಿಸುವುದು. ಅವನು ಹೇಳಿದ ಕಥೆಗಳನ್ನು ಟೈಪ್ ಮಾಡಿ ಕೊಡುವುದು. ಇನ್ನೊಬ್ಬ ಹುಡುಗಿಯ ಜೊತೆ ಕುಳಿತು ಅವಳ ಗೊಂಬೆಗಳಿಗೂ ಕರಡಿಗಳಿಗೂ ಉಣ್ಣೆಯ ಅಂಗಿ ಹೆಣೆಯುವುದು. ಜಗತ್ತಿನ ಅತಿ ಪ್ರಸಿದ್ಧ ಮನೋವೈದ್ಯನ ಮಗಳು ಗಂಟೆಗಟ್ಟಲೆ ಕುಳಿತು ಗೊಂಬೆಗೆ ಸ್ವೆಟರ್ ಹೆಣೆದಳು. ಎಲ್ಲ ಮಕ್ಕಳಿಗೂ ಇಷ್ಟು ಕಾಲ ಹಿಡಿಯುತ್ತಿರಲಿಲ್ಲ. ಆರು ವರ್ಷದ ಪುಟ್ಟಿಯೊಬ್ಬಳು ಬಂದವಳೇ ತನ್ನೊಳಗೊಂದು ಪಿಶಾಚಿ ಇದೆ, ಅದನ್ನು ತೆಗೆಯಲಾಗುತ್ತದೆಯೇ ಎಂದು ಕೇಳಿದ್ದಳು. ಆಗುತ್ತದೆ, ಆದರೆ ಸುಲಭವಲ್ಲ ಎಂದು ಆನಾ ಉತ್ತರಿಸಿದರು. ಸಣ್ಣ ಮಗುವಿನೊಡನೆ ಹೀಗೆ ನೇರವಾಗಿ ಒಪ್ಪಂದ ಮಾಡಿಕೊಂಡದ್ದೇ ಒಂದು ದೊಡ್ಡ ಹೆಜ್ಜೆ.

ಮೆಲನಿ ಕ್ಲೈನ್ ಅವರಿಗೆ ಈ ಸಿದ್ಧತೆ ಹಿಡಿಸಲಿಲ್ಲ. ವಿಯೆನ್ನಾದಲ್ಲಿ ಹುಟ್ಟಿ ಬರ್ಲಿನ್ನಿನಲ್ಲಿ ಕೆಲಸ ಮಾಡಿ 1926ರಲ್ಲಿ ಲಂಡನ್ನಿಗೆ ಬಂದವರು ಅವರು. ಕರೆಸಿಕೊಂಡವರಲ್ಲಿ ಮುಖ್ಯರಾದ ಅರ್ನೆಸ್ಟ್ ಜೋನ್ಸ್, ಹ್ಯಾಮ್ಲೆಟ್ ನಾಟಕಕ್ಕೆ ಈಡಿಪಸ್ ಅರ್ಥ ಹಚ್ಚಿ ಇಂಗ್ಲಿಷ್ ವಿದ್ಯಾರ್ಥಿಗಳ ನಿದ್ದೆಗೆಡಿಸಿದವರೇ ಹೌದು. ಬರ್ಲಿನ್ನಿನಲ್ಲಿ 1923ರಲ್ಲಿ, ಇನ್ನೂ ಮೂರು ತುಂಬದ ರೀಟಾ ಎಂಬ ಮಗುವನ್ನು ಅದರ ಮನೆಯಲ್ಲೇ ನೋಡುವಾಗ ಕ್ಲೈನ್ ಅವರಿಗೆ ಆಟವೇ ಮಗುವಿನ ಮಾತೆಂದು ಸ್ಪಷ್ಟವಾಯಿತು. ಮತ್ತೊಮ್ಮೆ, ಶಾಲೆಯೆಂದರೆ ಆಗದ ಏಳು ವರ್ಷದ ಹುಡುಗಿ ಎಷ್ಟಕ್ಕೂ ಬಾಯಿ ಬಿಡದಿದ್ದಾಗ, ತಮ್ಮ ಮಕ್ಕಳ ಕೋಣೆಗೆ ಹೋಗಿ ಪುಟ್ಟ ಕಾರು, ರೈಲು, ಮನುಷ್ಯರ ಬೊಂಬೆ, ಮರದ ತುಂಡುಗಳನ್ನು ಒಂದು ಪೆಟ್ಟಿಗೆಯಲ್ಲಿ ತಂದಿಟ್ಟರು. ಹುಡುಗಿ ಆಡತೊಡಗಿದಳು. ಮುಂದೆ ಪ್ರತಿ ಮಗುವಿಗೂ ಅದರದೇ ಆಟಿಕೆಗಳು, ಅದರದೇ ಬೀಗದ ಡ್ರಾಯರು ಎಂಬುದು ಅವರ ಪದ್ಧತಿಯಾಯಿತು. ಬೇರೆ ಯಾರೂ ತೆಗೆಯದ ಡ್ರಾಯರು. ಇದರ ಬೆಲೆ ಮಕ್ಕಳಿಗಷ್ಟೇ ಗೊತ್ತು.

ಮಗುವನ್ನು ಒಲಿಸಿಕೊಳ್ಳುವುದು ಲಂಚ ಕೊಟ್ಟ ಹಾಗೆ ಎಂಬ ಧಾಟಿ ಕ್ಲೈನ್ ಅವರದು. ಕೋಣೆಗೆ ಬಂದ ಮಗು ಹೆದರಿದ್ದರೆ ಆ ಹೆದರಿಕೆಯನ್ನೇ ಅದಕ್ಕೆ ಬಿಡಿಸಿ ಹೇಳಬೇಕು. ಹೇಳಿದ ಕ್ಷಣದಲ್ಲಿ ಸಿಗುವ ನಿರಾಳವೇ ಅದನ್ನು ಮತ್ತೆ ಕರೆತರುತ್ತದೆ. ಸ್ವೆಟರ್ ಹೆಣೆಯುವ ಅಗತ್ಯವಿಲ್ಲ. ಆನಾ ಅವರಿಗೆ ಇದು ಮಗುವಿನ ತಲೆಯೊಳಗೆ ದೊಡ್ಡವರ ಕಲ್ಪನೆ ತುರುಕಿದಂತೆ ಕಂಡಿತು. 1927ರಲ್ಲಿ ಆರಂಭವಾದ ಈ ವಾದ, ನಾಜಿಗಳಿಂದ ತಪ್ಪಿಸಿಕೊಂಡು ಫ್ರಾಯ್ಡ್ ಕುಟುಂಬ 1938ರಲ್ಲಿ ಲಂಡನ್ನಿಗೇ ಬಂದಾಗ ಒಂದೇ ಛಾವಣಿಯಡಿಯ ಜಗಳವಾಯಿತು. 1941ರಿಂದ 1945ರವರೆಗೆ ಬ್ರಿಟಿಷ್ ಮನೋವಿಶ್ಲೇಷಕರ ಸಂಘದಲ್ಲಿ ಸಭೆಯ ಮೇಲೆ ಸಭೆ ನಡೆಯಿತು. ಹೊರಗೆ ಬಾಂಬು ಬೀಳುವಾಗಲೂ ಒಳಗಿನವರಿಗೆ ಅದರ ಪರಿವೆ ಇರಲಿಲ್ಲವಂತೆ; ಕೊನೆಗೆ ಒಬ್ಬ ಸದಸ್ಯರು ಎದ್ದು, ವಿಮಾನದಾಳಿ ನಡೆಯುತ್ತಿದೆ ಎಂದು ನೆನಪಿಸಬೇಕಾಯಿತು ಎಂಬ ಕಥೆಯೇ ಇದೆ. ಕಡೆಗೆ ಎರಡೂ ಕಡೆಯವರು ತಮ್ಮ ತಮ್ಮ ಶಿಷ್ಯರಿಗೆ ಬೇರೆ ಬೇರೆಯಾಗಿ ತರಬೇತಿ ಕೊಡಬಹುದೆಂಬ ರಾಜಿಯಾಯಿತು. ನಮ್ಮ ಕನ್ನಡ ಸಂಘಗಳ ವಾರ್ಷಿಕ ಸಭೆಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ಆ ಯುದ್ಧಕಾಲದಲ್ಲೇ ಕ್ಲೈನ್ ಸ್ಕಾಟ್ಲೆಂಡಿನ ಪಿಟ್‌ಲಾಕ್ರಿ ಎಂಬ ಊರಿನಲ್ಲಿ ಹತ್ತು ವರ್ಷದ ಹುಡುಗನೊಬ್ಬನಿಗೆ ಚಿಕಿತ್ಸೆ ಮಾಡಿದರು. ಪುಸ್ತಕದಲ್ಲಿ ಅವನ ಹೆಸರು ರಿಚರ್ಡ್. ಬೇರೆ ಮಕ್ಕಳಿಗೆ ಹೆದರಿ ಶಾಲೆ ಬಿಟ್ಟವನು. ಗರ್ಲ್ ಗೈಡುಗಳು ಬಳಸುತ್ತಿದ್ದ ಬಾಡಿಗೆಯ ಕೋಣೆ. ಗೋಡೆಯ ಮೇಲೊಂದು ಭೂಪಟ. ಹುಡುಗ ಆ ಭೂಪಟದ ಮುಂದೆ ನಿಂತು ಯುದ್ಧದ ಬಗ್ಗೆ ಚಿಂತಿಸುತ್ತಿದ್ದ, ಹಡಗುಗಳನ್ನು ಬರೆಯುತ್ತಿದ್ದ. ಕ್ಲೈನ್ ಪ್ರತಿಯೊಂದಕ್ಕೂ ಅಪ್ಪ ಅಮ್ಮಂದಿರ ಅರ್ಥ ಕೊಡುತ್ತಿದ್ದರು. ನಮಗೆ ಓದುವಾಗ ಎಷ್ಟೋ ಕಡೆ ಕಿರಿಕಿರಿಯಾಯಿತು. ಹಿಟ್ಲರ್ ಎಂದರೆ ಹುಡುಗನಿಗೆ ಹಿಟ್ಲರನೇ ಆಗಿರಬಾರದೇ ಎನಿಸಿತು. ಆದರೂ 93 ಭೇಟಿಗಳ ಆ ದಪ್ಪ ಪುಸ್ತಕದಲ್ಲಿ ಅಲ್ಲಗಳೆಯಲಾಗದ ಒಂದು ಸಂಗತಿಯಿದೆ: ಹುಡುಗ ಮತ್ತೆ ಮತ್ತೆ ಬಂದ. ಅವನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿ, ಪ್ರತಿಯೊಂದನ್ನೂ ಬರೆದಿಟ್ಟುಕೊಂಡ ದೊಡ್ಡವರು ಅವನಿಗೆ ಹಿಂದೆ ಸಿಕ್ಕಿರಲಾರರು.

ಈ ಜಗಳದಲ್ಲಿ ಗೆದ್ದವರಾರು ಎಂದು ಕೇಳಿದರೆ, ಇಬ್ಬರೂ ಸಾಕಷ್ಟು ಗಮನ ಕೊಡದ ಒಂದು ವಸ್ತು ಎನ್ನಬೇಕು: ಕಾಯುವಿಕೆ. ಅದನ್ನು ಕಲೆಯಾಗಿಸಿದವರು ಡೊನಾಲ್ಡ್ ವಿನಿಕಾಟ್. ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ನಲವತ್ತು ವರ್ಷ ಮಕ್ಕಳ ವೈದ್ಯರಾಗಿದ್ದವರು. 1941ರಲ್ಲಿ ಪ್ರಕಟವಾದ ಅವರ ಲೇಖನವೊಂದರಲ್ಲಿ ಬರುವ ದೃಶ್ಯವಿದು. ತಾಯಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾಳೆ. ಮೇಜಿನ ಅಂಚಿನಲ್ಲಿ, ನಾಲಗೆ ಒತ್ತಿ ಗಂಟಲು ನೋಡುವ ಹೊಳೆಯುವ ಲೋಹದ ಪಟ್ಟಿ. ಕೂಸು ಅದರತ್ತ ಕೈ ಚಾಚುತ್ತದೆ, ತಡೆಯುತ್ತದೆ, ವೈದ್ಯರ ಮುಖ ನೋಡುತ್ತದೆ, ತಾಯಿಯ ಮುಖ ನೋಡುತ್ತದೆ. ಯಾರೂ ಪಟ್ಟಿಯನ್ನು ಅದರ ಕೈಗೆ ಕೊಡಬಾರದು, ಬಾಯಿಗೆ ತುರುಕಬಾರದು. ಸ್ವಲ್ಪ ಹೊತ್ತಿನಲ್ಲಿ ಅದರ ಬಾಯಲ್ಲಿ ಜೊಲ್ಲೂರುತ್ತದೆ, ತಾನಾಗಿ ಪಟ್ಟಿ ಹಿಡಿಯುತ್ತದೆ, ಬಡಿಯುತ್ತದೆ, ಆಡುತ್ತದೆ. ನಡುವಿನ ಆ ಹಿಂಜರಿಕೆಯ ಕ್ಷಣಗಳನ್ನು ವಿನಿಕಾಟ್ ಮಗುವಿನ ಹಕ್ಕಿನಂತೆ ಕಾಪಾಡಿದರು. ದೊಡ್ಡ ಮಕ್ಕಳೊಡನೆ ಅವರದು ಗೀಚಾಟ: ತಾವು ಕಾಗದದ ಮೇಲೆ ಸುಮ್ಮನೆ ಒಂದು ಗೆರೆ ಎಳೆಯುವರು, ಮಗು ಅದನ್ನು ಏನಾದರೊಂದು ಚಿತ್ರವಾಗಿಸಬೇಕು, ಮತ್ತೆ ಮಗು ಎಳೆಯುವುದು, ಇವರು ಚಿತ್ರ ಮಾಡುವುದು. ಆಟದಲ್ಲಿ ವೈದ್ಯನೂ ಅಷ್ಟೇ ಪೆದ್ದನಾಗಬಹುದು.

ಅವರು ತೀರಿಕೊಂಡ ಮೇಲೆ 1977ರಲ್ಲಿ ಪ್ರಕಟವಾದ ‘ದಿ ಪಿಗಲ್’ ಎಂಬ ಪುಸ್ತಕ ನಮಗೆ ಈ ಇತಿಹಾಸದ ತಿರುವಿನಂತೆ ತೋರುತ್ತದೆ. ಎರಡು ವರ್ಷ ನಾಲ್ಕು ತಿಂಗಳ ಹೆಣ್ಣುಮಗು; ತಂಗಿ ಹುಟ್ಟಿದ ಮೇಲೆ ರಾತ್ರಿಯ ಭಯಗಳು ಹಿಡಿದವು. ತಂದೆತಾಯಿಗಳು ವಿನಿಕಾಟರಿಗೆ ಪತ್ರ ಬರೆದರು. 1964ರಿಂದ ಎರಡೂವರೆ ವರ್ಷದಲ್ಲಿ ಮಗು ಅವರನ್ನು ಕಂಡದ್ದು 14 ಸಲ. ಗೊತ್ತುಪಡಿಸಿದ ವಾರವಿಲ್ಲ, ಕಟ್ಟುನಿಟ್ಟಾದ ಸರಣಿಯಿಲ್ಲ. ಬಹುಮಟ್ಟಿಗೆ ಮಗುವೇ, ವಿನಿಕಾಟರ ಹತ್ತಿರ ಹೋಗಬೇಕು ಎಂದು ಕೇಳಿದಾಗ ತಂದೆ ರೈಲು ಹತ್ತಿಸಿ ಲಂಡನ್ನಿಗೆ ಕರೆತರುತ್ತಿದ್ದರು. ಡೋರಾಳ ಬಾಗಿಲಿನಿಂದ ಈ ಮಗುವಿನ ಬಾಗಿಲಿಗೆ ಬರಲು ಅರವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿ ಈ ವಿದ್ಯೆ ತಡವಾಗಿಯೇನೂ ಬರಲಿಲ್ಲ. ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಕರ ಸಂಘ ಕಟ್ಟಿದ್ದು 1922ರಲ್ಲಿ. ಮುಂಬಯಿಯಲ್ಲಿ ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವ ಶಾಲೆ ಆರಂಭವಾಗಿ ಒಂದೇ ವರ್ಷಕ್ಕೆ, 1937ರಲ್ಲಿ, ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ ತೆರೆಯಿತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂದಿತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಕನ್ನಡಕ್ಕೂ ಇದು ಹೊರಗಿನ ವಿಷಯವಲ್ಲ. ‘ಕೊರವಂಜಿ’ಯ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ಮನೋವೈದ್ಯಕೀಯ ಕುರಿತ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಗೆಯ ಪತ್ರಿಕೆ ನಡೆಸಿದವರೇ ಮನಸ್ಸಿನ ನೋವಿನ ಬಗ್ಗೆಯೂ ಬರೆದ ಭಾಷೆ ನಮ್ಮದು.

ಇನ್ನು ಕಾಯಿದೆಯ ಮಾತು. ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು ಎನ್ನುವ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. 2017ರ ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮದಲ್ಲಿ 18 ತುಂಬದವರ ಪರವಾಗಿ ಸಾಮಾನ್ಯವಾಗಿ ಪೋಷಕರೇ ನಿಲ್ಲುತ್ತಾರೆ. ಮಗುವನ್ನು ಆಸ್ಪತ್ರೆಗೆ ದಾಖಲಿಸುವ ಪ್ರಸಂಗ ಬಂದರೆ, ಅದರ ಇಚ್ಛೆಯನ್ನು ಪರಿಗಣಿಸಬೇಕು ಎಂದೂ ಇದೆ. ಆದರೆ ಆ ಇಚ್ಛೆ ತಿಳಿದುಬಂದಿದ್ದಲ್ಲಿ ಎಂಬ ಒಂದು ಬಾಲವೂ ಇದೆ. ಇಂಥ ಬಾಲಗಳನ್ನು ಓದುವುದೇ ನಮ್ಮ ಉದ್ಯೋಗ. ತಿಳಿದುಬರಬೇಕಾದರೆ ಯಾರಾದರೂ ಕೇಳಿರಬೇಕಷ್ಟೆ.

ಮಗನ ವಿಷಯ ಅರ್ಧಕ್ಕೆ ನಿಂತಿದೆ. ನಾಲ್ಕು ತಿಂಗಳ ಮೇಲೆ ಇನ್ನೊಬ್ಬ ಆಪ್ತಸಮಾಲೋಚಕಿಯ ಬಗ್ಗೆ ತಿಳಿಯಿತು. ಈ ಸಲ ಸುಳ್ಳು ಹೇಳಲಿಲ್ಲ. ಹಿಂದೆ ಹೇಳಿದ್ದು ಸುಳ್ಳೆಂದು ಮೊದಲು ಅವನ ಮುಂದೆ ಒಪ್ಪಿಕೊಂಡೆವು. ಅವನು ಏನೂ ಹೇಳದೆ ಚಪ್ಪಲಿ ಹಾಕಿಕೊಂಡ. ಆಕೆ ನಮ್ಮನ್ನು ಹೊರಗೆ ಕೂರಿಸಿ, ಫಾರಮನ್ನು ಅವನ ಕೈಗೆ ಕೊಟ್ಟರು. ಅವನು ಏನು ಬರೆದನೋ ತಿಳಿಯದು. ಮೊದಲ ಆರು ವಾರ ಒಳಗಿನಿಂದ ಕೇಳಿಬಂದದ್ದು ಕೇರಂ ಬೋರ್ಡಿನ ಮೇಲೆ ಸ್ಟ್ರೈಕರ್ ಬಡಿಯುವ ಸದ್ದು ಮಾತ್ರ. ಕೇರಂ ಆಡಲು ಗಂಟೆಗಿಷ್ಟು ಎಂದು ದುಡ್ಡು ಕೊಡಬೇಕೇ ಎಂದು ನಾವು ಮನೆಯವರೊಡನೆ ಗೊಣಗಿದ್ದುಂಟು. ಆನಾ ಫ್ರಾಯ್ಡ್ ಹೆಣೆದ ಗೊಂಬೆ ಸ್ವೆಟರುಗಳ ಸಂಗತಿಯನ್ನು ಓದಿದ್ದು ಆ ಬಳಿಕ.

ಏಳನೆಯ ವಾರದಿಂದ ಸ್ಟ್ರೈಕರಿನ ಸದ್ದು ಕಡಿಮೆಯಾಯಿತು. ಏನು ಮಾತಾಡಿದರೆಂದು ನಾವು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಮನೆಯಲ್ಲಿ ಕನ್ನಡ, ಹೈದರಾಬಾದಿನ ಗೆಳೆಯರೊಡನೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆಡಿ ಬೆಳೆದವನು. ಆಕೆಯೋ ಹುಬ್ಬಳ್ಳಿಯ ಕಡೆಯವರು. ಅಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತೀ ಎಂದು ಮಾತ್ರ ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆವು.

“ಮೂರೂ ಆಗ್ತದೆ ಅಪ್ಪ,” ಎಂದ. “ಬೈಯೋದು ಮಾತ್ರ ಕನ್ನಡದಲ್ಲಿ.”